ಕಿರವತ್ತಿಯ ಹಸಿರು ಚುಕ್ಕಿ

ಬೆಳಿಗ್ಗೆ ಶಿರಸಿಯ ಆಫೀಸಿಗೆ ಬಂದವನು ಚಹಾ ಕುಡಿಯುವ ಮೊದಲೇ ಒಂದು ಚುಕ್ಕಿ ಹುಡುಕುತ್ತೇನೆ. ನಮ್ಮದು ಗೊಬ್ಬರ, ಬೀಜ ಮಾರುವ ಸಂಸ್ಥೆ. ಸಿದ್ದಾಪುರ, ಯಲ್ಲಾಪುರ, ಕಿರವತ್ತಿಗಳಲ್ಲಿ ಡಿಪೋಗಳಿವೆ. ಅಲ್ಲಿನ ಕಂಪ್ಯೂಟರುಗಳ ಆ್ಯಂಟಿವೈರಸ್ ನೋಡಿಕೊಳ್ಳುವುದು ನನ್ನ ಕೆಲಸ. ಪರದೆಯ ಮೇಲೆ ಒಂದೊಂದಕ್ಕೂ ಒಂದು ಚುಕ್ಕಿ. ಹಸಿರಾದರೆ ಕ್ಷೇಮ, ಕೆಂಪಾದರೆ ಸಂಪರ್ಕವಿಲ್ಲ. ನಾನು ಹುಡುಕುವುದು ಕಿರವತ್ತಿಯದನ್ನು. ಅದು ಕೆಂಪಾಗಿರಲಿ ಎಂದು ಆಸೆಪಡುತ್ತೇನೆ. ಇಂಥ ಕಾವಲುಗಾರನನ್ನು ಇಟ್ಟುಕೊಂಡ ಸಂಸ್ಥೆಯನ್ನು ದೇವರೇ ಕಾಪಾಡಬೇಕು.

ಮುಂಚೆ ಈ ಚುಕ್ಕಿಗಳಿರಲಿಲ್ಲ. ಹೆಡ್ ಆಫೀಸಿನ ಕಂಪ್ಯೂಟರುಗಳೆಲ್ಲ ಒಂದೇ ಡೊಮೈನಿನಲ್ಲಿ, ಅಂದರೆ ಒಂದೇ ಒಳಜಾಲದಲ್ಲಿ, ಕೂಡುಕುಟುಂಬದಂತಿದ್ದವು. ಒಂದು ಕಡೆ ಹೇಳಿದರೆ ಎಲ್ಲವೂ ಕೇಳುತ್ತಿದ್ದವು. ಡಿಪೋದವು ಬೇರೆ ಒಲೆ ಹೂಡಿದವು. ಅವುಗಳ ಆ್ಯಂಟಿವೈರಸ್ ಅಪ್‌ಡೇಟ್ ಮಾಡಲು ಪ್ರತಿ ತಿಂಗಳೂ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಬೇಕಿತ್ತು. ಸಿದ್ದಾಪುರಕ್ಕೆ ಹೋಗುವಾಗ ಗೊಣಗುತ್ತಿದ್ದೆ. ಕಿರವತ್ತಿಗೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದೆ. ಮದುವೆಯ ವಯಸ್ಸು ದಾಟುತ್ತಿದ್ದ ನನ್ನನ್ನು ಆಫೀಸಿನವರು ಅದಕ್ಕೇ ಛೇಡಿಸುತ್ತಿದ್ದರು.

ಕಿರವತ್ತಿ ಡಿಪೋದಲ್ಲಿ ಬಿಲ್ ಮಾಡುತ್ತಿದ್ದವರು ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು. ಅವರಿಗೂ ಮದುವೆಯಾಗಿರಲಿಲ್ಲ. ಅಪ್‌ಡೇಟ್ ಮುಗಿಯುವವರೆಗೆ ಬಿಲ್ ಮಾಡುವಂತಿರಲಿಲ್ಲವಾದ್ದರಿಂದ ನಾವಿಬ್ಬರೂ ಮಾತಾಡುತ್ತ ಕೂರುತ್ತಿದ್ದೆವು. ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ಮುರಿದು ನನ್ನ ಮುಂದಿಡುತ್ತಿದ್ದರು. ನಮ್ಮ ತಂಬುಳಿಯನ್ನು ಬಣ್ಣದ ಮಜ್ಜಿಗೆ ಎಂದು ಹಾಸ್ಯ ಮಾಡುತ್ತಿದ್ದರು. ಅಪ್‌ಡೇಟ್ ಎಷ್ಟು ನಿಧಾನವಾದರೂ ನನಗೆ ಬೇಗ ಮುಗಿದಂತೆ ಅನಿಸುತ್ತಿತ್ತು. ಅವರೆಂದರೆ ನನಗೆ ಇಷ್ಟ. ಹೇಳಿರಲಿಲ್ಲ, ಅಷ್ಟೆ.

ಆಮೇಲೆ ಡೊಮೈನಿನ ಹೊರಗಿನ ಕಂಪ್ಯೂಟರುಗಳನ್ನೂ ಇಂಟರ್ನೆಟ್ ಮೂಲಕ ಶಿರಸಿಯಿಂದಲೇ ನಿಭಾಯಿಸುವ ವ್ಯವಸ್ಥೆ ಬಂತು. ಒಂದು ಸಲ ಹೋಗಿ ಸಣ್ಣ ಪ್ರೋಗ್ರಾಂ ಹಾಕಿಬಂದರೆ ಮುಗಿಯಿತು. ಕಿರವತ್ತಿಯಲ್ಲಿ ಅದನ್ನು ಹಾಕಿ, ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ. ಮುಂದಿನ ತಿಂಗಳು ಅಭ್ಯಾಸಬಲದಿಂದ ಹೊರಟವನನ್ನು ಮ್ಯಾನೇಜರು ತಡೆದರು.

“ಎಂತಕ್ಕೆ ಹೋಗವು ಮಾರಾಯಾ? ಇಲ್ಲೇ ಕೂತ್ಗಂಡು ಮಾಡಲೆ ಆಗ್ತಲ.”

ಉತ್ತರ ನನ್ನಲ್ಲಿತ್ತು, ಮ್ಯಾನೇಜರಿಗೆ ಹೇಳುವಂಥದ್ದಲ್ಲ.

ಕಳೆದ ಆಯುಧಪೂಜೆಗೆ ಡಿಪೋದವರೆಲ್ಲ ಕಂಪ್ಯೂಟರ್ ಆಫ್ ಮಾಡಿ, ಒರೆಸಿ, ಕುಂಕುಮವಿಟ್ಟು ಚೆಂಡುಹೂವಿನ ಮಾಲೆ ಹಾಕಿದರು. ನನ್ನ ಪರದೆ ಪೂರ್ತಿ ಕೆಂಪಾಯಿತು. ರಜೆ ಮುಗಿದ ಮೇಲೆ ಒಂದೊಂದೇ ಹಸಿರಾದವು, ಕಿರವತ್ತಿ ಮಾತ್ರ ಆಗಲಿಲ್ಲ. ಫೋನಿನಲ್ಲಿ ವಿಚಾರಿಸಬಹುದಿತ್ತು. ಬದಲಿಗೆ ಮುಖ ಗಂಭೀರ ಮಾಡಿಕೊಂಡು, ಹೋಗದೆ ಬಗೆಹರಿಯುವುದಿಲ್ಲ ಎಂದೆ. ಮ್ಯಾನೇಜರು ಒಪ್ಪಿ, ನಾನು ಬರುವುದನ್ನು ಡಿಪೋಗೆ ತಿಳಿಸಿದರು. ಈ ಸಲ ಹೇಳಿಯೇ ಬಿಡುತ್ತೇನೆ ಎಂದು ನಿಶ್ಚಯಿಸಿದೆ. ನಮ್ಮ ಕಡೆಯ ಸಿಹಿತಿಂಡಿ ತೊಡದೇವು ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ.

ಅಷ್ಟರಲ್ಲಿ ಕಿರವತ್ತಿಯಿಂದ ಅವರದೇ ಫೋನು.

“ಮಾಲಿ ಹಾಕಾಕಂತ ನೆಟ್ಟಿನ ವಾಯರ್ ಕಿತ್ತಿದ್ದೆ ನೋಡ್ರಿ, ಮತ್ತ ಹಚ್ಚೋದು ಮರ್ತುಬಿಟ್ಟಿದ್ದೆ. ನೀವು ಹೊಂಟೀರಿ ಅಂದ್ರು. ಅಷ್ಟು ದೂರ ಬಂದು ತ್ರಾಸ ಮಾಡ್ಕೋಬ್ಯಾಡ್ರಿ, ನಾನೇ ಹುಡುಕಿ ಹಚ್ಚೇನಿ.”

ದನಿಯಲ್ಲಿ ನನಗೆ ಉಪಕಾರ ಮಾಡಿದ ಸಂತೋಷವಿತ್ತು. ತ್ರಾಸವಲ್ಲ, ಬರಬೇಕೆಂದೇ ಹೊರಟಿದ್ದೆ ಎನ್ನಲು ಬಾಯಿ ತೆರೆದೆ. ಒಳ್ಳೆಯದಾಯಿತು ಎಂಬ ಮಾತು ಬಂತು. ಅವರು ಫೋನಿಟ್ಟರು.

ಕಿರವತ್ತಿಗೆ ಹೋಗಲು ನಾನು ಹತ್ತಬೇಕಿದ್ದ ಯಲ್ಲಾಪುರದ ಬಸ್ಸು ಎದುರಿಗೇ ನಿಂತಿತ್ತು. ಹತ್ತುತ್ತೀರಾ ಎಂದು ಕಂಡಕ್ಟರ್ ಕೇಳಿದ. ಅಲ್ಲೇನೂ ಕೆಲಸವಿಲ್ಲ ಎಂದೆ.