ಪಟ್ಟಿಗೆ ಸೇರದ ದೆಲ್ಫಾಳ ಸೂರು

ನಮ್ಮ ಕತಂದ್ವಾನೆಸ್ ದ್ವೀಪದಲ್ಲಿ ಬಿರುಗಾಳಿ ಬರುತ್ತದೆಂದರೆ ಎಲ್ಲರೂ ಸೂರನ್ನು ಹಗ್ಗ ಹಾಕಿ ಬಿಗಿಯುತ್ತಾರೆ. ದೆಲ್ಫಾ ಒಬ್ಬಳು ಬಿಚ್ಚುತ್ತಾಳೆ. ರೇಡಿಯೋದಲ್ಲಿ ಎರಡನೇ ಎಚ್ಚರಿಕೆ ಬಂದ ಕೂಡಲೇ ಏಣಿ ಹತ್ತಿ, ಮೊಳೆಗಳನ್ನು ಒಂದೊಂದಾಗಿ ಕಿತ್ತು, ಹದಿನಾಲ್ಕು ತಗಡನ್ನೂ ಇಳಿಸಿ, ಹಿತ್ತಲಿನ ತೆಂಗಿನ ಬುಡದಲ್ಲಿ ಪೇರಿಸಿ, ಮೇಲೆ ಕಲ್ಲು ಹೇರಿ, ಬಾಳೆಯಂಥ ಅಬಾಕಾ ಗಿಡದ ನಾರಿನಿಂದ ತಾನೇ ಹೊಸೆದ ಹಗ್ಗದಲ್ಲಿ ಕಟ್ಟುತ್ತಾಳೆ. ಕಿತ್ತ ಮೊಳೆಗಳನ್ನು ಕಲ್ಲಿನ ಮೇಲೆ ತಟ್ಟಿ ನೆಟ್ಟಗೆ ಮಾಡಿ ಹಾಲಿನಪುಡಿ ಡಬ್ಬಕ್ಕೆ ಹಾಕುತ್ತಾಳೆ. ಆಮೇಲೆ ಗಂಡ ನಂದಿಂಗ್, ಕೆಮ್ಮುವ ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಆ ಡಬ್ಬ, ಇಷ್ಟನ್ನು ಜೊತೆಗಿಟ್ಟುಕೊಂಡು ಶಾಲೆಯ ಕಟ್ಟಡಕ್ಕೆ ಹೋಗುತ್ತಾಳೆ.

ಊರೆಲ್ಲ ನಗುತ್ತಿತ್ತು. ಬೇಲಿಯಾಚೆ ಮನೆಯ ನಾನೂ ನಗುತ್ತಿದ್ದೆ. ನಾವೆಲ್ಲ ಅವಳನ್ನು ಮನಾಯ್, ಅಕ್ಕ, ಎಂದೇ ಕರೆಯುವುದು. ಅಕ್ಕನ ತಲೆ ಕೆಟ್ಟಿದೆ ಎನ್ನುವುದಕ್ಕೂ ಹಿಂಜರಿಯುತ್ತಿರಲಿಲ್ಲ.

ಮೂರು ವರ್ಷದ ಹಿಂದಿನ ದೊಡ್ಡ ಗಾಳಿಗೆ ನನ್ನ ಸೂರು ಸಮುದ್ರ ಸೇರಿತು. ನನ್ನ ಸೋಮಾರಿ ತಮ್ಮ ತಗಡಿಗೆ ಎರಡೆರಡೇ ಮೊಳೆ ಹೊಡೆದಿದ್ದ, ನಾನೂ ಏಕೆಂದು ಕೇಳಿರಲಿಲ್ಲ. ದೆಲ್ಫಾ ಮರುದಿನ ಮಧ್ಯಾಹ್ನದೊಳಗೆ ತನ್ನ ಸೂರು ಹೊದೆಸಿ, ಒಲೆ ಹಚ್ಚಿ, ಗೆಣಸು ಬೇಯಿಸಿ ನನಗೂ ಒಂದು ತಟ್ಟೆ ಕೊಟ್ಟಳು. ಆದರೆ ಗುಡ್ಡದ ಮೇಲಿನ ಅವಳ ಅಬಾಕಾ ಗಿಡಗಳೆಲ್ಲ ಬುಡಸಮೇತ ಮಲಗಿದ್ದವು. ಆ ಮನೆ ನಡೆಯುತ್ತಿದ್ದದ್ದೇ ಆ ನಾರಿನಿಂದ.

ಆರನೇ ದಿನ ಪರಿಹಾರದ ಪಟ್ಟಿ ಬರೆಯುವ ಮಹಾಶಯ ದೆಲ್ಫಾಳ ಮನೆಗೆ ಬಂದ. ಕೆಸರಾಗದ ಬೂಟು, ಕುತ್ತಿಗೆಗೆ ಗುರುತುಚೀಟಿ, ಮುಖದಲ್ಲಿ ನಮ್ಮ ಮೇಲೆಲ್ಲ ದಯೆ ತೋರಿದ ಸುಸ್ತು.

"ಮನೆ ಚೆನ್ನಾಗೇ ಇದೆಯಲ್ಲಮ್ಮ."

"ಸೂರು ಬಿಚ್ಚಿಟ್ಟಿದ್ದೆ ಸರ್. ಅಬಾಕಾ ಎಲ್ಲಾ ಹೋಯ್ತು. ಇನ್ನೆರಡು ವರ್ಷ ನಾರಿಲ್ಲ ನಮಗೆ."

"ಅದಕ್ಕೆಲ್ಲ ಇದ್ರಲ್ಲಿ ಜಾಗ ಇಲ್ಲ. ಸೂರು ಹೋಗಿದೆಯಾ ಇಲ್ವಾ, ಅಷ್ಟು ಹೇಳಿ."

"ಹೋಗೋಕೆ ನಾನು ಬಿಟ್ಟಿದ್ರೆ ತಾನೆ ಹೋಗೋದು."

"ಹಾನಿ ಇಲ್ಲ" ಎಂದು ಬರೆದುಕೊಂಡ. ನನ್ನ ಮನೆಗೆ "ಪೂರ್ತಿ ನಾಶ". ಊರ ಮುಖ್ಯಸ್ಥನ ಹಂದಿಗೂಡಿಗೂ "ಪೂರ್ತಿ ನಾಶ", ಅದರಲ್ಲಿ ಹಂದಿ ಇದ್ದದ್ದನ್ನು ನಾನಂತೂ ಕಂಡಿಲ್ಲ. ಪಟ್ಟಿ ಸೇರಿದ ನಮಗೆ ಮನೆಗೆ ಹನ್ನೆರಡು ತಗಡು, ಒಂದು ಮೂಟೆ ಅಕ್ಕಿ. ತಗಡು ಹಂಚುವ ದಿನ ಅಧಿಕಾರಿಗಳು ದೆಲ್ಫಾಳನ್ನು ವೇದಿಕೆಗೆ ಕರೆದು "ಎದೆಗುಂದದ ಕುಟುಂಬ" ಎಂಬ ಪ್ರಶಸ್ತಿಪತ್ರ ಕೊಟ್ಟು, ಪಕ್ಕದಲ್ಲಿ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಇವರ ಯೋಗ್ಯತೆಗಿಷ್ಟು. ಪ್ಲಾಸ್ಟಿಕ್ ಹೊದಿಕೆಯ ಆ ಪತ್ರದಿಂದ ಅವಳು ಒಲೆಗೆ ಗಾಳಿ ಹಾಕುತ್ತಿದ್ದಳು. ಅದಕ್ಕೆ ಅಷ್ಟೇ ಬೆಲೆ.

ಮುಂದಿನ ಎರಡು ವರ್ಷ ಅವರ ಮನೆಯಲ್ಲಿ ಬರೀ ಗೆಣಸು, ಗೆಣಸಿನ ಸೊಪ್ಪು. ದೊಡ್ಡ ಮಗಳು ಶಾಲೆ ಬಿಟ್ಟು ಪಟ್ಟಣದಲ್ಲಿ ಬಟ್ಟೆ ಒಗೆಯಲು ಹೋದಳು.

ಹೋದ ನವೆಂಬರಿನಲ್ಲಿ ಮತ್ತೆ ರೇಡಿಯೋ ಕೂಗಿತು. ಅವಳು ಏಣಿ ಹೊತ್ತು ಬರುವಾಗ ನಾನೇ ಬೇಲಿಯ ಮೇಲೆ ಬಗ್ಗಿ ಹೇಳಿದೆ, ಈ ಬಾಯಿಂದಲೇ.

"ಮನಾಯ್, ಈ ಸಲ ಬಿಚ್ಚಬೇಡ. ಹೋಗ್ಲಿ ಬಿಡು. ಹೋದ್ರೇನೇ ಪಟ್ಟೀಲಿ ಹೆಸರು."

"ಒಂದೊಂದೇ ತಗಡು ತಂದು ಹೊದೆಸಿದ್ದು ಕಣೇ ಓಪ್ರಿಂಗ್. ಹದಿನಾಲ್ಕಕ್ಕೆ ಒಂಬತ್ತು ವರ್ಷ ಹಿಡೀತು."

"ಅದಕ್ಕೆ ನಿನಗೆ ಏನು ಸಿಕ್ತು? ಬೀಸಣಿಗೆ."

ಅವಳು ಏಣಿಯನ್ನು ತನ್ನ ಗೋಡೆಗೆ ಆನಿಸಿದಳು. ಕೆಳಗೆ ನಿಂತು ಹದಿನಾಲ್ಕು ತಗಡನ್ನೂ ಒಮ್ಮೆ ಎಣಿಸಿದಳು. ಅತ್ತೆ ಒಳಗೆ ಕೆಮ್ಮುತ್ತಿದ್ದರು. ಕೊನೆಗೆ ಏಣಿಯನ್ನು ಎತ್ತಿಕೊಂಡು ನನ್ನ ಅಂಗಳಕ್ಕೆ ಬಂದಳು.

"ನನ್ನದು ಹೋಗ್ಲಿ, ನಿನ್ನದನ್ನಾದ್ರೂ ಇಳಿಸ್ತೀನಿ. ನಿನಗೆ ಒಂದ್ಸಲ ಕೊಟ್ಟಾಗಿದೆ, ಇನ್ನೊಂದ್ಸಲ ಎಲ್ಲಿ ಕೊಡ್ತಾರೆ."

ನನ್ನ ಹನ್ನೆರಡೂ ತಗಡು ಉಳಿದವು, ಗಾಳಿ ನಿಂತ ಮೇಲೆ ಮತ್ತೆ ಹೊದೆಸಿದೆವು. ಅವಳ ಹದಿನಾಲ್ಕರಲ್ಲಿ ಒಂದೂ ಸಿಗಲಿಲ್ಲ. ಮೂರು ದಿನ ಹುಡುಕಿದೆವು. ಗದ್ದೆಯಲ್ಲಿ ಸಿಕ್ಕಿದ ಎರಡು ಬೇರೆ ಯಾರದೋ ಆಗಿದ್ದವು, ಅವನ್ನೂ ಅವಳು ಮುಟ್ಟಲಿಲ್ಲ. ಅತ್ತೆಯನ್ನು ಹರಿದ ಟಾರ್ಪಾಲಿನ ಕೆಳಗೆ ಮಲಗಿಸಿ, ಮಳೆಯಲ್ಲಿ ನೆನೆಯುತ್ತ ಪಟ್ಟಿಯವನಿಗೆ ಕಾದಳು. ಬಂದ, ಅದೇ ಬೂಟು.

"ನೋಡಿ ಸರ್. ಪೂರ್ತಿ ಹೋಗಿದೆ."

"ಪಾಪ. ಆದ್ರೆ ಈ ಸಲ ಹೊಸ ಸಮೀಕ್ಷೆ ಇಲ್ಲಮ್ಮ, ಸಮಯ ಇಲ್ಲ. ಹಿಂದಿನ ಪಟ್ಟೀಲಿ ಇದ್ದವರಿಗೇ ಕೊಡೋದು."

ಅವಳು ಅವನ ಮುಖವನ್ನು, ಬೂಟನ್ನು, ಮತ್ತೆ ಮುಖವನ್ನು ನೋಡಿದಳು. ಕೊಳೆತ ಮೀನನ್ನು ಎತ್ತಿ ನೋಡಿ ಹಾಗೇ ಇಟ್ಟುಬಿಡುತ್ತಾರಲ್ಲ, ಹಾಗೆ. ಅವನಿಗೆ ಅದೂ ತಿಳಿಯಲಿಲ್ಲ. ಪಕ್ಕದ ಮನೆಗೆ ಬಂದು, ಗಟ್ಟಿಯಾಗಿ ನಿಂತಿದ್ದ ನನ್ನ ಸೂರಿನ ಕೆಳಗೆ ನಿಂತು, ನನ್ನ ಹೆಸರಿನ ಮುಂದೆ ಗುರುತು ಹಾಕಿ ಹನ್ನೆರಡು ಹೊಸ ತಗಡು ಇಳಿಸಿ ಹೋದ. ನಾನು ಸಹಿ ಹಾಕಿದೆ. ಬಾಯಿ ಬಿಡಲಿಲ್ಲ.

ಸಂಜೆ ಆರು ತಗಡು ಎಳೆದುಕೊಂಡು ಅವಳ ಬಾಗಿಲಿಗೆ ಹೋದೆ. ದೊಡ್ಡ ಉಪಕಾರ ಮಾಡಿದವಳಂತೆ ಅಂಗಿಯ ತುದಿಯಿಂದ ಬೆವರು ಒರೆಸಿಕೊಂಡು ನಿಂತೆ.

"ತಗೋ ಮನಾಯ್. ನಿನಗೇ ಅಂತ ತಂದೆ."

ದೆಲ್ಫಾ ತಗಡುಗಳನ್ನು ಬೆರಳಲ್ಲಿ ಎಣಿಸಿದಳು.

"ಅವನು ಹನ್ನೆರಡು ಇಳಿಸಿದ್ನಲ್ಲ?"

"ಉಳಿದದ್ದು ಇರ್ಲಿ ಅಂತ. ಮುಂದೆ ಬೇಕಾಗುತ್ತೆ."

ಬೆಳಿಗ್ಗೆ ಪಟ್ಟಿಯವನನ್ನು ನೋಡಿದ ಹಾಗೆಯೇ ಅವಳು ನನ್ನನ್ನು ನೋಡಿದಳು. ಮುಖ, ಕಾಲು, ಮತ್ತೆ ಮುಖ. ಊರಿನವರನ್ನೆಲ್ಲ ಬೈದುಕೊಂಡು ತಿರುಗುವ ನನಗೆ ಆ ನೋಟದ ಎದುರು ನಿಲ್ಲಲಾಗಲಿಲ್ಲ. ಮನೆಗೆ ಹೋಗಿ ಮಂಚದ ಕೆಳಗಿದ್ದ ಆರನ್ನೂ ಎಳೆದು ತಂದೆ.

ಅವಳು ಉಪಕಾರ ಎನ್ನಲಿಲ್ಲ. ಡಬ್ಬದಿಂದ ನಾಲ್ಕು ಮೊಳೆ ತೆಗೆದು ತುಟಿಯಲ್ಲಿ ಕಚ್ಚಿಕೊಂಡು, ಏಣಿ ಹಿಡಿಯಲು ನನಗೆ ಕೈಸನ್ನೆ ಮಾಡಿದಳು.