ಪಂಚರ್ ಪರಮಣ್ಣನ ಮೂಗಿಗೊಂದು ಗಾಳಿ ಮಷೀನು

ರಾಯಚೂರಿನ ಮಾನ್ವಿ ರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಮಲಂಗಸಾಬರ ಟೈರ್ ಅಂಗಡಿಯ ಮುಂದೆ ಭತ್ತದ ಲಾರಿಯೊಂದು ಒಂದು ಮಗ್ಗುಲಿಗೆ ವಾಲಿ ನಿಂತಿದೆ. ಅಂಗಡಿಯ ತಗಡಿನ ಮಾಡಿನ ಕೆಳಗೆ, ಅರ್ಧಕ್ಕೆ ಕೊಯ್ದ ಡ್ರಮ್ಮಿನ ನೀರಿನಲ್ಲಿ ಸೈಕಲ್ ಟ್ಯೂಬನ್ನು ಅದ್ದಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪರಮಣ್ಣ ಗುಳ್ಳೆ ಏಳುವುದನ್ನೇ ಕಾಯುತ್ತಿದ್ದಾರೆ. ಡಿಸೆಂಬರಿನ ನೀರು. ಬೆರಳುಗಳು ಕೆಂಪಗಾಗಿವೆ. ಅವರ ಕಣ್ಣು ಮಾತ್ರ ನೀರಿನಿಂದ ಕದಲುತ್ತಿಲ್ಲ.

ಲಾರಿಯ ಡ್ರೈವರ್ ಯಂಕೋಬ ಬೀಡಿ ಹಚ್ಚಿಕೊಂಡು ಹತ್ತಿರ ಬರುತ್ತಾನೆ.

"ಏನೋ ಪರಮಣ್ಣ, ಸೈಕಲ್ ಟ್ಯೂಬಿಗೆ ಜಳಕ ಮಾಡಸಾಕತ್ತೀಯಲ್ಲ. ನನ್ನ ಗಾಲಿ ನೋಡು ಬಾ."

"ಪಂಚರ್ ಹಾಕಿ ಕೊಡ್ತೀನಪಾ. ಗಾಳಿ ಮಾತ್ರ ಉಸ್ತಾದ್ ಮಲಂಗಸಾಬರು ಬಂದು ಹೊಡೀತಾರ."

"ಅವರು ಬರೋತನಕ ನನ್ನ ಭತ್ತ ಮೊಳಕಿ ಒಡೀತದ."

"ಮೊಳಕಿ ಒಡದ್ರ ನಾಟಿ ಮಾಡೋಣಂತ. ಕುಂದರು," ಎನ್ನುತ್ತಾರೆ ಪರಮಣ್ಣ, ಟ್ಯೂಬಿನಿಂದ ತಲೆ ಎತ್ತದೆ.

ನಗುತ್ತ ಹೇಳಿದರೂ ಗಾಳಿ ಉಸ್ತಾದರೇ ಹೊಡೆಯಬೇಕೆಂಬ ಮಾತು ಅವರಿಗೇ ಚುಚ್ಚುತ್ತದೆ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಈ ರಸ್ತೆಯ ಲಾರಿಗಳಿಗೆ ಗಾಳಿ ತುಂಬಿದ ಕೈ ಅವರದು. ಈಗ ದೀಪಾವಳಿಯಿಂದ ಈಚೆಗೆ ಕಂಪ್ರೆಸರಿನ ಪೈಪನ್ನು ಮುಟ್ಟುವಂತಿಲ್ಲ. ಆ ಪೈಪು ಮತ್ತೆ ಕೈಗೆ ಬರುತ್ತದೋ, ಇಲ್ಲವೋ ಎಂಬುದೇ ಅವರ ಈ ಚಳಿಗಾಲದ ಚಿಂತೆ.

ಪರಮಣ್ಣ ಮಾನ್ವಿ ತಾಲ್ಲೂಕಿನ ಬಾಗಲವಾಡದವರು. ಮನೆತನದ ಕಸುಬು ಕುರಿ ಸಾಕಣೆ. ಹದಿನಾರರ ವಯಸ್ಸಿನಲ್ಲಿ ರಸ್ತೆ ಬದಿಯಲ್ಲಿ ಕುರಿ ಮೇಯಿಸುವಾಗ ಕೆಟ್ಟು ನಿಂತ ಲಾರಿಯೊಂದರ ಗಾಲಿ ಬಿಚ್ಚಲು ಕೈ ಹಾಕಿದರಂತೆ. ಮರುವರ್ಷ ರಾಯಚೂರಿಗೆ ಬಂದು ಮಲಂಗಸಾಬರ ಅಂಗಡಿ ಸೇರಿದರು. "ಕುರಿ ಆದ್ರ ಅವುಗಳ ಹಿಂದ ನಾನು ಓಡಬೇಕು. ಗಾಲಿ ತಾವ ನನ್ನ ಹುಡಿಕ್ಕೊಂಡು ಬರ್ತಾವ," ಎಂಬುದು ಅವರು ಕೊಡುವ ಕಾರಣ. ಸುಗ್ಗಿಯ ದಿನಗಳಲ್ಲಿ ಹತ್ತು ಹದಿನೈದು ಲಾರಿ ಗಾಲಿಗಳು ಬರುತ್ತವೆ. ಸೈಕಲ್ಲುಗಳನ್ನು ಯಾರೂ ಲೆಕ್ಕ ಇಡುವುದಿಲ್ಲ. ದೇವದುರ್ಗಕ್ಕೆ ಹತ್ತಿ ತರಲು ಹೊರಟವರು, ಮಾನ್ವಿಯಿಂದ ಭತ್ತ ತಂದವರು, ಎಲ್ಲರೂ ಇಲ್ಲಿ ಒಂದು ಗಳಿಗೆ ನಿಂತು ಹೋಗುವವರೇ. ಅವರಲ್ಲಿ ಎಷ್ಟು ಮಂದಿಗೆ ಪರಮಣ್ಣನ ಹೆಸರು ಗೊತ್ತೋ ಹೇಳುವುದು ಕಷ್ಟ.

ತೊಂದರೆ ಯಾವಾಗ ಶುರುವಾಯಿತೆಂದು ಅವರಿಗೂ ನೆನಪಿಲ್ಲ. ಮೈ ತುಂಬಿಕೊಂಡಿತು, ಕುತ್ತಿಗೆ ದಪ್ಪವಾಯಿತು, ಗೊರಕೆ ಹೆಚ್ಚಿತು. "ಪರಮಣ್ಣನ ಮನ್ಯಾಗ ಲಾರಿ ಚಾಲೂ ಆತು," ಎಂದು ಓಣಿಯವರು ನಗುತ್ತಿದ್ದರು. ಹೆಂಡತಿ ಬಾಲಮ್ಮ ನಗಲಿಲ್ಲ. ಗೊರಕೆ ತಟ್ಟನೆ ನಿಂತುಹೋಗುವ ಹೊತ್ತನ್ನು ಕಂಡವರು ಅವರೊಬ್ಬರೇ.

"ಗೊರಕಿ ಹೊಡಿಯೋತನಕ ನನಗ ಧೈರ್ಯ ಇರ್ತಿತ್ರಿ," ಎನ್ನುತ್ತಾರೆ ಬಾಲಮ್ಮ. "ನಿಂತ ಕೂಡಲೆ ಜೀವ ಹಾರ್ತಿತ್ತು. ಉಸುರ ಇಲ್ಲ. ಹಿಡಿದು ಅಲಗಾಡಿಸಿದ್ರ ಹುಡುಗೂರು ನೀರಾಗಿಂದ ಮ್ಯಾಲ ಬಂದಂಗ ದಮ್ಮು ಎಳಕೊಂತಿದ್ರು. ಹಿಂಗ ದಿನಾ."

ರಾತ್ರಿ ಹೀಗೆ ಕಳೆದವರಿಗೆ ಹಗಲು ಎಲ್ಲಿ ಕೂತರೂ ನಿದ್ದೆ. ಚಾ ಕುಡಿಯುತ್ತ ಬಟ್ಟಲು ಕೈಬಿಟ್ಟದ್ದುಂಟು. ಬೀಗರ ಮನೆಯ ಊಟದ ಸಾಲಿನಲ್ಲಿ ಎಲೆಯ ಮುಂದೆಯೇ ತೂಕಡಿಸಿದ್ದುಂಟು. ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾನೆ ಎಂದರು ಕೆಲವರು, ಮೈಗಳ್ಳ ಎಂದರು ಕೆಲವರು. ಕುಡಿತದ ವಾಸನೆಯನ್ನೂ ಸಹಿಸದ ಮನುಷ್ಯ ಯಾರಿಗೂ ಎದುರಾಡಲಿಲ್ಲ. "ಏನಂತ ಹೇಳಲಿ? ನಾ ಮಲಗೀನಿ ಅಂತನ ನನಗ ತಿಳೀತಿರಲಿಲ್ಲ," ಎನ್ನುತ್ತಾರೆ.

ಲಾರಿಯ ಗಾಲಿಯಲ್ಲಿ ಟೈರನ್ನು ಹಿಡಿದಿಡುವ ಕಬ್ಬಿಣದ ರಿಂಗೊಂದು ಇರುತ್ತದೆ. ಅದು ಸರಿಯಾಗಿ ಕೂರದೆ ಗಾಳಿ ಏರಿದರೆ ಗುಂಡಿನಂತೆ ಹಾರುತ್ತದೆ. ಅದಕ್ಕೇ ಗಾಳಿ ಹೊಡೆಯುವವನು ಸುತ್ತಿಗೆಯಿಂದ ರಿಂಗನ್ನು ಮೆಲ್ಲಗೆ ತಟ್ಟುತ್ತ, ಅದರ ದನಿ ಕೇಳುತ್ತ, ಮೈಯೆಲ್ಲ ಕಿವಿಯಾಗಿ ಇರಬೇಕು. ದೀಪಾವಳಿಯ ಮರುದಿನ ಪರಮಣ್ಣ ತಟ್ಟುತ್ತ ಕೂತವರು ಹಾಗೆಯೇ ನಿದ್ದೆಹೋಗಿ ಪಕ್ಕಕ್ಕೆ ಉರುಳಿದರು. ಅದೇ ಕ್ಷಣಕ್ಕೆ ರಿಂಗು ಸಿಡಿದು ಮಾಡಿನ ತಗಡನ್ನು ಹರಿದುಕೊಂಡು ಹೋಯಿತು. ನೆಟ್ಟಗೆ ಕೂತಿದ್ದರೆ ಅದರ ದಾರಿಯಲ್ಲಿ ಅವರ ತಲೆ ಇರುತ್ತಿತ್ತು.

"ನಿದ್ದಿ ಅವನನ್ನ ಕೊಲ್ಲಾಕೂ ಬಂದಿತ್ತು, ಉಳಿಸಾಕೂ ಬಂದಿತ್ತು. ನಸೀಬ್ ನೋಡ್ರಿ," ಎನ್ನುತ್ತಾರೆ ಮಲಂಗಸಾಬ. ಅವತ್ತು ಅವರು ಬೈಯಲಿಲ್ಲ. ಪೈಪನ್ನು ಸುತ್ತಿ ತಮ್ಮ ಹೆಗಲಿಗೆ ಹಾಕಿಕೊಂಡು ಇಷ್ಟೇ ಹೇಳಿದರು: "ಪರಮಣ್ಣ, ನೀರಿನ ಕೆಲಸ ನಿಂದು, ಗಾಳಿ ಕೆಲಸ ನಂದು. ಇನ್ನೊಬ್ಬರ ಮನಿ ದೀಪಾನೂ ಇಲ್ಲಿ ಬಂದು ನಿಂತಿರ್ತದ. ನನಗ ನಂಬಿಕಿ ಬರೋತನಕ ಇದನ್ನ ಮುಟ್ಟಬ್ಯಾಡ."

ಕಾಯಿಲೆಯ ಹೆಸರು ತಿಳಿದದ್ದೂ ಈ ಅಂಗಡಿಯಲ್ಲೇ. ಹೈದರಾಬಾದಿನಿಂದ ಭಾನುವಾರಗಳಂದು ರಾಯಚೂರಿಗೆ ಬರುವ ಗಂಟಲಿನ ಡಾಕ್ಟರೊಬ್ಬರ ಕಾರು ಪಂಚರ್ ಆಗಿ ಅಂಗಡಿಗೆ ಬಂತು. ಗಾಲಿ ಬಿಚ್ಚಲು ಕೂತ ಪರಮಣ್ಣ ಎರಡು ನಟ್ಟು ತೆಗೆದು ಮೂರನೆಯದಕ್ಕೆ ಪಾನಾ ಹಾಕಿ ಗೊರಕೆ ಶುರು ಮಾಡಿದರು. ಮಲಂಗಸಾಬರು ನಾಚಿಕೆಯಿಂದ ಎಬ್ಬಿಸಲು ಹೋದರೆ ಡಾಕ್ಟರು ಕೈ ಅಡ್ಡ ಮಾಡಿದರು.

"ಎಬ್ಬಿಸಬ್ಯಾಡ್ರಿ. ಸ್ವಲ್ಪ ನೋಡ್ತೀನಿ."

"ಕಾರು ಲೇಟಾಗ್ತದ ಸಾಹೇಬ್ರ."

"ಆಗಲಿ."

ಡಾಕ್ಟರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಉಸಿರು ನಿಲ್ಲುವುದನ್ನೂ ಮತ್ತೆ ಹೊರಡುವುದನ್ನೂ ನೋಡಿದರು. ಎಚ್ಚರಾದ ಮೇಲೆ ಅಲ್ಲೇ ಬಿದ್ದಿದ್ದ ಸೈಕಲ್ ಟ್ಯೂಬೊಂದನ್ನು ಎತ್ತಿಕೊಂಡು ತಿಳಿಸಿ ಹೇಳಿದರು. ಮಲಗಿದಾಗ ಪರಮಣ್ಣನ ಗಂಟಲು ಗಾಳಿ ಹೋದ ಟ್ಯೂಬಿನಂತೆ ಚಪ್ಪಟೆಯಾಗುತ್ತದೆ. ಉಸಿರಿಗೆ ದಾರಿಯಿಲ್ಲ. ಮೂಗಿನ ಮೂಲಕ ಮೆಲ್ಲಗೆ, ಬಿಡದೆ ಗಾಳಿ ಒಳಗೆ ಹೋಗುತ್ತಿದ್ದರೆ ದಾರಿ ತೆರೆದೇ ಇರುತ್ತದೆ. ಕಾಯಿಲೆ ಸ್ಲೀಪ್ ಆಪ್ನಿಯಾ, ಯಂತ್ರ ಸಿಪ್ಯಾಪ್.

"ಎಷ್ಟು ಪೌಂಡ್ ಗಾಳಿ ಸಾಹೇಬ್ರ?" ಪರಮಣ್ಣನ ಮೊದಲ ಪ್ರಶ್ನೆ ಅದು.

"ಅಷ್ಟು ಗಾಳಿಗೆ ನಿಮ್ಮ ಸೈಕಲ್ ಟ್ಯೂಬ್ ಸೈತ ಉಬ್ಬಂಗಿಲ್ಲ."

"ಹಂಗಾದ್ರ ಅದೇನ್ ಕೆಲಸ ಮಾಡ್ತದ್ರಿ?" ಎಂದು ಅವರು ಮರುಗಿದರಂತೆ.

ಹೈದರಾಬಾದಿನಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದ್ದಾಯಿತು. ಆಸ್ಟ್ರೇಲಿಯಾದಲ್ಲಿ ಕಲಿತು ಬರುವಾಗ ಡಾಕ್ಟರು ತಂದಿದ್ದ ಯಂತ್ರಗಳಲ್ಲಿ ಒಂದನ್ನು ತಿಂಗಳ ಮಟ್ಟಿಗೆ ಕೊಟ್ಟರು. ಒಗ್ಗಿದರೆ ಅದು ಪರಮಣ್ಣನ ಬಳಿಯೇ ಇರಲಿ, ಒಗ್ಗದಿದ್ದರೆ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗಲಿ ಎಂದು ಮಾತು. ಪ್ರಯಾಣದ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಒಂದು ಸುರುಳಿ ಪೈಪು, ಮೂಗಿಗೆ ಕೂರುವ ಮಾಸ್ಕು, ತಲೆಗೆ ಕಟ್ಟುವ ಪಟ್ಟಿ. ರಾಯಚೂರಿನ ದವಾಖಾನೆಯಲ್ಲಿ ನರ್ಸ್ ಸರ್ವರಿ ಬೇಗಂ ಒಂದೊಂದನ್ನೂ ಬಿಡಿಸಿ ತೋರಿಸಿದರು. ಬಾಲಮ್ಮ ಕಣ್ಣರಳಿಸಿ ಕೇಳಿದರು. ಕೇಳಬೇಕಾದವರು ಮಾತ್ರ ಅರ್ಧದಲ್ಲೇ ಕುರ್ಚಿಯ ಮೇಲೆ ನಿದ್ದೆಹೋದರು.

ಮರುದಿನ ಬಾಲಮ್ಮ ತಂಗಿಯ ಬಾಣಂತನಕ್ಕೆಂದು ದೇವದುರ್ಗದ ಬಸ್ಸು ಹತ್ತಬೇಕಾಯಿತು. ಪರಮಣ್ಣ ಒಬ್ಬರೇ ಯಂತ್ರದೊಂದಿಗೆ ಉಳಿದರು.

ಮೊದಲು ಮೀಸೆಯ ಸಂದಿನಿಂದ ಗಾಳಿ ಸೋರಿತು. ಮೀಸೆ ಬೋಳಿಸಿದರು. ಬಾಯಿ ತೆರೆದರೆ ಗಾಳಿ ಅಲ್ಲಿಂದ ಹೊರಗೆ ಬಂತು. ಬಾಯಿ ಮುಚ್ಚಿಕೊಂಡರು. ಆದರೂ ಎಲ್ಲೋ ಸಣ್ಣಗೆ ಸುಯ್ಯೆನ್ನುವ ಸದ್ದು. ಇಪ್ಪತ್ತು ವರ್ಷಗಳಿಂದ ಆ ಸದ್ದನ್ನೇ ಹುಡುಕಿ ಅನ್ನ ತಿಂದ ಮನುಷ್ಯ ಸುಮ್ಮನಿರುವುದು ಹೇಗೆ? ಹಗಲಿನಲ್ಲಿ ಯಂತ್ರ ಹಚ್ಚಿ ಮಾಸ್ಕಿಗೆಲ್ಲ ಸೋಪಿನ ನೊರೆ ಸವರಿದರು. ಪೈಪು ಸೇರುವ ಗಟ್ಟಿ ಭಾಗದಲ್ಲಿ ಮೂರು ಸೂಜಿರಂಧ್ರಗಳು. ಮೂರರಲ್ಲೂ ಗುಳ್ಳೆ. ಅಂಗಡಿಯಿಂದ ಸೊಲ್ಯೂಷನ್ ತಂದು, ಉಗುರಿನಷ್ಟು ರಬ್ಬರ್ ಪ್ಯಾಚು ಕತ್ತರಿಸಿ, ಹೊಂದಿಸಿ ಅಂಟಿಸಿದರು. ಸದ್ದು ನಿಂತಿತು. ಅವರ ಪಾಲಿಗೆ ಅದು ಚೊಕ್ಕ ಕೆಲಸ.

ಬೆಳಗ್ಗೆ ಎದ್ದಾಗ ತಲೆ ಬಂಡೆಯಂತೆ ಭಾರ. ಮರುರಾತ್ರಿ ಯಾರೋ ಎದೆಯ ಮೇಲೆ ಕೂತಂತಾಗಿ ಮಾಸ್ಕನ್ನು ಕಿತ್ತೆಸೆದರು. ಮೂರನೆಯ ದಿನ ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿ ಹಗ್ಗ ಕಟ್ಟಿಟ್ಟರು. ಕಂಪ್ರೆಸರಿನ ಪೈಪಿನ ಆಸೆಯನ್ನೂ ಅದರ ಜೊತೆಗೇ ಕಟ್ಟಿಟ್ಟಂತೆ ಅವರಿಗನಿಸಿತು. ಅಂಗಡಿಯಲ್ಲಿ ಉಸ್ತಾದರ ಕಡೆ ನೋಡದೆ ನೀರಿನ ಡ್ರಮ್ಮಿನ ಮುಂದೆ ಕೂರುತ್ತಿದ್ದರು.

ವಾರ ಕಳೆದು ಬಂದ ಬಾಲಮ್ಮ ಬಾಗಿಲಲ್ಲೇ ಪೆಟ್ಟಿಗೆಯನ್ನು ಕಂಡರು.

"ಇದಕ್ಯಾಕ ಹೆಡಮುರಿಗಿ ಕಟ್ಟೀರಿ?"

"ಅದು ನನಗ ಆಗಂಗಿಲ್ಲ. ಲೀಕ್ ಬಂದ್ ಮಾಡಿದ್ರೂ ಆಗಲಿಲ್ಲ."

"ಯಾವ ಲೀಕು?"

"ಮೂರು ತೂತು ಇದ್ವು. ಪ್ಯಾಚ್ ಹಾಕೀನಿ ನೋಡು, ಕೂದಲೆಳೆ ಗಾಳಿ ಹೋಗಂಗಿಲ್ಲ."

ಬಾಲಮ್ಮ ಹಗ್ಗ ಬಿಚ್ಚಿದರು. ಪ್ಯಾಚನ್ನು ನೋಡಿದರು. ಗಂಡನ ಮುಖ ನೋಡಿದರು. "ಆ ತೂತು ನಿಮ್ಮ ಉಸುರ ಹೊರಗ ಹೋಗಾಕ ಬಿಟ್ಟಾರ್ರಿ. ಸರ್ವರಿ ಅಮ್ಮಾರು ಎರಡೆರಡು ಸಲ ಹೇಳಿದ್ರು. ನೀವು ಅವರ ಮುಂದ ಗೊರಕಿ ಹೊಡಿತಿದ್ರಿ. ಬಿಟ್ಟ ಉಸುರ ತಿರುಗಿ ನೀವ ಕುಡದ್ರ ತಲಿ ಒಡೀದ ಏನ್ ಮಾಡೀತು?"

ಪರಮಣ್ಣ ಪ್ಯಾಚಿನ ಅಂಚು ಹಿಡಿದು ಎಳೆದು ನೋಡಿದರಂತೆ. ಆಮೇಲೆ, "ಬ್ಯಾರೆ ಯಾರರ ಹಾಕಿದ್ದ ಪ್ಯಾಚಾಗಿದ್ರ ಇಷ್ಟೊತ್ತಿಗೆ ಬಿಟ್ಟಿರತಿತ್ತು," ಎಂದರಂತೆ. ಇದನ್ನು ಹೇಳುವಾಗ ಬಾಲಮ್ಮನಿಗೆ ಈಗಲೂ ನಗು ತಡೆಯಲಾಗುವುದಿಲ್ಲ.

ಮರುದಿನ ದವಾಖಾನೆಯಲ್ಲಿ ಸರ್ವರಿ ಬೇಗಂ ಮಾತ್ರ ನಗಲಿಲ್ಲ. ಉಗುರಿನಿಂದ ಪ್ಯಾಚು ಕಿತ್ತು, ಬಿಸಿನೀರಲ್ಲಿ ತೊಳೆದು, ಯಂತ್ರ ಹಚ್ಚಿ, ಪರಮಣ್ಣನ ಅಂಗೈಯನ್ನೇ ಆ ರಂಧ್ರಗಳ ಮುಂದೆ ಹಿಡಿಸಿದರು. "ಈ ಗಾಳಿ ಬರ್ತಿದ್ರ ನೀವು ಬದುಕೀರಿ ಅಂತ ತಿಳಕೊಳ್ರಿ. ಇದಕ್ಕ ಕೈ ಹಚ್ಚಬ್ಯಾಡ್ರಿ. ಇನ್ನ ರಾತ್ರೀನ ಶುರು ಮಾಡೋ ಗಡಿಬಿಡಿ ಬ್ಯಾಡ. ಹಗಲಾಗ ಎಚ್ಚರ ಇದ್ದಾಗ ಹಾಕ್ಕೊಂಡು ಕುಂದರ್ರಿ. ಮೂಗಿಗೆ ಅದು ಬಂದು ಹೋಗೋ ಬೀಗರಲ್ಲ ಅಂತ ಗೊತ್ತಾಗಲಿ."

ಹೀಗೆ ಎರಡನೆಯ ಸಲ ಶುರುವಾಯಿತು. ಬಾಲಮ್ಮ ಮೊರದಲ್ಲಿ ಜೋಳ ಹಸನು ಮಾಡುವಾಗ ಎದುರಿಗೆ ಪರಮಣ್ಣ ಮಾಸ್ಕು ಹಾಕಿ ಕೂರುತ್ತಿದ್ದರು. ಪಕ್ಕದ ಮನೆಯ ಗೋಪಮ್ಮ ಇಣುಕಿ, ಸೊಂಡಿಲಿನಂಥ ಪೈಪು ಕಂಡು, "ಚೌತಿ ಆಗಿ ಎಷ್ಟ ದಿನ ಆತು, ಗಣಪ್ಪ ಇನ್ನೂ ಹೋಗಿಲ್ಲೇನ ಬಾಲಮ್ಮ?" ಎಂದರು. "ಇವನ್ನ ಮುಳುಗಸಂಗಿಲ್ಲವಾ, ಇಟಗೊಂಡೀನಿ," ಎಂದರು ಬಾಲಮ್ಮ. ಮಾಸ್ಕಿನೊಳಗಿಂದ ಪರಮಣ್ಣ ನಕ್ಕರೆ ಗಾಳಿ ಬಾಯಿಂದ ಪುಸ್ಸೆಂದು ಹೊರಟು ಇಬ್ಬರಿಗೂ ಇನ್ನಷ್ಟು ನಗು. ಪಟ್ಟಿಯನ್ನು ಬಿಗಿದಷ್ಟೂ ಒಳ್ಳೆಯದೆಂದು ನಂಬಿದ್ದವರು ಸಡಿಲ ಬಿಡಲು ಕಲಿತರು. ಬಾಯಿ ಒಣಗಿದರೆ ಕುಡಿಯಲು ತಂಬಿಗೆ ಪಕ್ಕಕ್ಕೆ ಬಂತು. ಕರೆಂಟು ಹೋದ ರಾತ್ರಿ ಮಾಸ್ಕು ತೆಗೆದಿಟ್ಟು ಮಗ್ಗುಲಾಗಿ ಮಲಗುವುದು, ಬಂದಾಗ ಮತ್ತೆ ಹಾಕಿಕೊಳ್ಳುವುದು ರೂಢಿಯಾಯಿತು.

ಒಂದು ಬೆಳಗ್ಗೆ ಪರಮಣ್ಣನಿಗೆ ತಾನಾಗಿ ಎಚ್ಚರವಾಯಿತು. ತಲೆ ಹಗುರ. ಏನೋ ಎಡವಟ್ಟಾಗಿದೆ ಎಂದೇ ಮೊದಲು ಅನಿಸಿತಂತೆ.

"ಹೊಳ್ಳಿ ನೋಡಿದ್ರ ಆಕಿ ಮಲಗಿದ್ಲು," ಎನ್ನುತ್ತಾರೆ, ದನಿ ತಗ್ಗಿಸಿ. "ಮದುವಿ ಆಗಿ ಇಷ್ಟು ವರ್ಷದಾಗ ಆಕಿ ನಿದ್ದಿ ಮಾಡೋದು ನಾ ನೋಡಿರಲಿಲ್ಲ. ಎಬ್ಬಿಸಲಿಲ್ಲ. ಚಾ ನಾನ ಮಾಡಿದೆ."

ಅಂಗಡಿಯಲ್ಲಿ ಪರಮಣ್ಣನ ಕಣ್ಣು ತಿಳಿಯಾದದ್ದನ್ನು ಮಲಂಗಸಾಬರು ನೋಡುತ್ತಲೇ ಇದ್ದಾರೆ. ತಿಂಗಳ ಕೊನೆಯ ಭಾನುವಾರ ಡಾಕ್ಟರು ನೋಡಿ, ಯಂತ್ರ ಇಲ್ಲೇ ಇರಲಿ ಎಂದು ಹೇಳಿ ಹೋಗಿದ್ದಾರೆ. ಆದರೂ ಪೈಪು ಉಸ್ತಾದರ ಹೆಗಲ ಮೇಲೆಯೇ ಇದೆ. ಯಂಕೋಬನ ಲಾರಿಗೂ ಅವರೇ ಬಂದು ಗಾಳಿ ತುಂಬಿ ಕಳಿಸುತ್ತಾರೆ. ಪರಮಣ್ಣ ಕೇಳುವುದಿಲ್ಲ. "ನಂಬಿಕಿ ಕೇಳಿ ಇಸಗೊಳ್ಳೋ ಸಾಮಾನಲ್ಲ," ಎಂದು ಟ್ಯೂಬು ಒರೆಸುತ್ತಾರೆ.

ಆ ವಾರದ ಶುಕ್ರವಾರ, ಮಧ್ಯಾಹ್ನದ ನಮಾಜಿನ ಹೊತ್ತು. ಸಾಮಾನ್ಯವಾಗಿ ಮಲಂಗಸಾಬರು ಕಂಪ್ರೆಸರ್ ಬಂದ್ ಮಾಡಿ ಹೊರಡುತ್ತಾರೆ. ಇವತ್ತು ಕೈಕಾಲು ತೊಳೆದು, ಟೋಪಿ ಹಾಕಿಕೊಂಡು, ಪೈಪನ್ನು ಮೊಳೆಗೆ ನೇತುಹಾಕಿ ಹೊರಟೇಬಿಡುತ್ತಾರೆ. ಹಿಂದೆ ಕಂಪ್ರೆಸರ್ ಓಡುತ್ತಲೇ ಇದೆ.

"ಉಸ್ತಾದ್, ಮಷೀನ್ ಚಾಲೂ ಅದ," ಪರಮಣ್ಣ ಕೂಗುತ್ತಾರೆ.

"ನನಗ ಕಿವಿ ಅದಾವೋ. ಹತ್ತಿ ಲಾರಿ ಬರ್ತದ. ಬಂದ್ರ ನೋಡ್ಕೋ," ಎನ್ನುತ್ತ ಅವರು ತಿರುಗದೆ ನಡೆಯುತ್ತಾರೆ.

ಲಾರಿ ಬರುತ್ತದೆ. ಪರಮಣ್ಣ ಟೈರು ಕೂರಿಸಿ, ರಿಂಗು ಹೊಂದಿಸಿ, ಲಾರಿಯವರನ್ನೆಲ್ಲ ದೂರ ನಿಲ್ಲಿಸಿ, ತಾವೂ ಗಾಲಿಗೆ ಎದುರಾಗದೆ ಮಗ್ಗುಲಿಗೆ ನಿಂತು ಗಾಳಿ ಬಿಡುತ್ತಾರೆ. ಸುತ್ತಿಗೆ ತಟ್ಟುತ್ತದೆ, ನಿಲ್ಲುತ್ತದೆ, ಮತ್ತೆ ತಟ್ಟುತ್ತದೆ. ದನಿ ತುಂಬುತ್ತ ಬಂದಂತೆ ಅವರ ತಲೆ ಒಂದಿಷ್ಟೇ ಒಂದಿಷ್ಟೇ ಪಕ್ಕಕ್ಕೆ ವಾಲುತ್ತದೆ, ಕೇಳುವವರದು ವಾಲುವ ಹಾಗೆ. ಕಣ್ಣುಗಳು ತೆರೆದೇ ಇವೆ. ಕೊನೆಗೆ ಪೈಪು ಕಿತ್ತು, ವಾಲ್ವಿನ ಟೋಪಿ ತಿರುಗಿಸಿ, ಗಾಲಿಯ ಮೇಲೆ ಅಂಗೈ ಇಡುತ್ತಾರೆ.

ಹೊಸ ಡ್ರೈವರು. ಅನುಮಾನದಿಂದ ಕೇಳುತ್ತಾನೆ: "ಗಾಳಿ ಬರೋಬರಿ ಹೊಡದೀರಿಲ್ರಿ? ಬರೋವಾಗ ಲೋಡ್ ಬಾಳ ಇರ್ತದ. ದೇವದುರ್ಗದ ದಾರಿ."

"ನಾನ ಹೊಡದೀನಿ," ಎನ್ನುತ್ತಾರೆ ಪರಮಣ್ಣ. "ಹೋಗಿ ಬರ್ರಿ. ದಾರ್ಯಾಗ ನಿದ್ದಿ ಬಂದ್ರ ಮಾತ್ರ ಗಾಡಿ ನಿಲ್ಲಸ್ರಿ. ಅದನ್ನ ಹಗುರ ಮಾಡಬ್ಯಾಡ್ರಿ."