ಮರಿಲಿಂಗನ ಲೆಕ್ಕಕ್ಕೆ ಹೂಂಗುಟ್ಟಿದವಳು

ಸುರಪುರದ ನಮ್ಮ ಕಾಲೇಜಿನಲ್ಲಿ ಗಣಿತ ಕಲಿಸುವ ಮರಿಲಿಂಗ ಸ್ಟಾಫ್‌ರೂಮಿಗೆ ಬಂದರೆ ಎಲ್ಲರಿಗೂ ಒಮ್ಮೆಲೇ ಕ್ಲಾಸಿನ ನೆನಪಾಗುತ್ತದೆ. ಅವನು ಕೆಟ್ಟವನಲ್ಲ, ಯಾರ ತಂಟೆಗೂ ಹೋಗುವವನಲ್ಲ. ಆದರೆ ಚಹಾ ಕುಡಿಯುವ ಹೊತ್ತಿನಲ್ಲಿ ಕ್ವಾಂಟಂ ಗಣಿತ ಶುರು ಮಾಡಿದರೆ ಯಾರು ತಾನೇ ಕೂತಾರು? ಕನ್ನಡ ಮಾಸ್ತರನಾದ ನಾನೊಬ್ಬ ಕೂರುತ್ತಿದ್ದೆ, ಅದೂ ಮಂಡಿನೋವಿನ ದೆಸೆಯಿಂದ.

ಅವನ ತಲೆ ತಿನ್ನುತ್ತಿದ್ದುದು ಒಂದೇ ಪ್ರಶ್ನೆ. ಒಂದು ಕಣ ಎಲ್ಲೆಲ್ಲಿ ಇರಬಹುದೋ ಅದನ್ನೆಲ್ಲ ಕ್ವಾಂಟಂ ಸಮೀಕರಣ ಒಟ್ಟಿಗೇ ಹೊತ್ತು ಸಾಗುತ್ತದೆ. ಅಳೆದು ನೋಡಿದಾಗ ಸಿಗುವುದು ಒಂದೇ ಜಾಗ. ಉಳಿದವು ಎಲ್ಲ ಕಡೆಯೂ ಒಮ್ಮೆಗೇ ಇಲ್ಲವಾಗುತ್ತವೆ ಎನ್ನುತ್ತದೆ ಪುಸ್ತಕ. ಆದರೆ ದೇಶಕಾಲದ ಗಣಿತದಲ್ಲಿ ಆ ‘ಒಮ್ಮೆಗೇ’ ಎಲ್ಲರಿಗೂ ಒಂದಲ್ಲ. ಓಡುವವನ ‘ಈಗ’ ಬೇರೆ, ನಿಂತವನ ‘ಈಗ’ ಬೇರೆ. ಹಾಗಾದರೆ ಯಾರ ‘ಈಗ’? ಈ ಎರಡನ್ನೂ ಒಂದೇ ಗಣಿತದಲ್ಲಿ ಕೂಡಿಸುವ ಗುಂಗಿನಲ್ಲಿ ಅವನು ಮದುವೆಯನ್ನೂ ಮರೆತ.

ಕೇಳುವವಳು ಒಬ್ಬಳಿದ್ದಳು. ಅವನ ತಾಯಿ ಹಣಮಂತಮ್ಮ, ಕೃಷ್ಣೆಯ ದಂಡೆಯ ಊರಿನಲ್ಲಿ ಮೀನು ಮಾರುವಾಕೆ. ಶಹಾಪುರದಿಂದ ಕಾಲೇಜಿಗೆ ಓಡಾಡುತ್ತಿದ್ದ ಮರಿಲಿಂಗ ಅಲ್ಲಿನ ಬಾಡಿಗೆ ಕೋಣೆಯಿಂದ ದಿನಾ ಸಂಜೆ ಅವಳಿಗೆ ಫೋನಿನಲ್ಲಿ ಅಂದಿನ ಲೆಕ್ಕ ಹೇಳುತ್ತಿದ್ದ. ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಅವಳು ಸಮೀಕರಣಕ್ಕೂ ಹಾಗೇ ಹೂಂಗುಟ್ಟುತ್ತಿದ್ದಳು. ಒಮ್ಮೆ ಮಾತ್ರ ನಡುವೆ ಕೇಳಿದಳಂತೆ, "ಯಾರೂ ನೋಡಲಿಲ್ಲಂದ್ರ ಬಲಿಯಾಗ ಮೀನ ಇರಂಗಿಲ್ಲೇನೋ ಯಪ್ಪಾ?"

"ಮಂದಿ ಕಣ್ಣೇ ಬೇಕಂತಿಲ್ಲವ್ವ. ಮೀನಿಗಿ ನೀರು ತಾಗತೈತಲ್ಲ, ಅದೂ ನೋಡಿದಂಗ, ಅಷ್ಟು ಸಾಕು."

"ಹೂಂ. ಮುಂದ ಹೇಳು."

ಇದನ್ನು ನನಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು. ಪ್ರಶಸ್ತಿ ಬಂದವರೂ ಅಷ್ಟು ಬೀಗುವುದಿಲ್ಲ.

ಹೋದ ಮಾಘದ ಒಂದು ಭಾನುವಾರ ಅವನು ಫೋನನ್ನು ಕೋಣೆಯಲ್ಲೇ ಬಿಟ್ಟು, ಬೀಗ ಹಾಕಿ, ಶಹಾಪುರದ ಬೆಟ್ಟ ಹತ್ತಿದ. ದೂರದ ರಸ್ತೆಯಿಂದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ಅದು. ಹತ್ತಿ ಕೂತವನಿಗೆ ಬರೀ ಬಂಡೆ. ಅಲ್ಲಿ ದಿನವಿಡೀ ಕೂತು ಬರೆದ. ವರ್ಷಗಟ್ಟಲೆ ಸಿಕ್ಕಾಗಿದ್ದ ಒಂದು ಹೆಜ್ಜೆ ಬಿಡಿಸಿಕೊಂಡಿತು ಎನ್ನಿಸಿತು. ಖುಷಿಗೆ ಒಬ್ಬನೇ ಜೋರಾಗಿ ನಕ್ಕನಂತೆ. ಸಂಜೆ ಇಳಿದು ಬಂದವನೇ, ಯಾರ ಕರೆ ಬಂದಿತ್ತು ಎಂದೂ ನೋಡದೆ ತಾಯಿಗೆ ಫೋನು ಹಚ್ಚಿದ.

"ಅವ್ವಾ, ಸಿಕ್ತು! ಕೇಳಿಲ್ಲಿ" ಎಂದು ಉಸಿರು ಬಿಡದೆ ಶುರು ಮಾಡಿದ. ಆ ಕಡೆಯಿಂದ "ಹೂಂ" ಬಂತು. ಹೇಳುತ್ತಾ ಹೋದ. ಮತ್ತೆ ಹೂಂ. ದನಿ ಕಟ್ಟಿದಂತಿತ್ತು, ನೆಗಡಿ ಇರಬೇಕು ಎಂದುಕೊಂಡ. ಪೂರ್ತಿ ಹೇಳಿ ಮುಗಿಸಿ, "ತಿಳೀತೇನವ್ವ?" ಎಂದ.

"ನಾ ನಿನ್ನ ಚಿಕ್ಕವ್ವ ಮೌನಮ್ಮ ಅದೀನೋ ತಮ್ಮಾ," ಎಂದಿತು ದನಿ. "ನಿಮ್ಮವ್ವ ಮುಂಜಾನಿಗೇ ಹೋಗ್ಯಾಳ. ನೀ ಅಷ್ಟು ಖುಷೀಲೆ ಹೇಳಾಕತ್ತಿದ್ದಿ, ನಡುವ ಹ್ಯಾಂಗ ಹೇಳ್ಲಿ? ಆಕಿ ಹೂಂ ಅಂತಿದ್ಲಲ್ಲ, ನಾನೂ ಅಂದೆ. ಮಣ್ಣಿಗಿ ನಿನ್ನ ದಾರಿ ನೋಡಾಕತ್ತೀವಿ, ಲಗೂನ ಬಾ."

ಅವನು ಕಾಲೇಜಿಗೆ ತಿರುಗಿ ಬಂದ ದಿನ ಸ್ಟಾಫ್‌ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಸಮಾಧಾನ ಹೇಳಲು ಅವನದೇ ಗಣಿತ ಎತ್ತಿದೆ. "ಒಬ್ಬೊಬ್ಬರ ‘ಈಗ’ ಬ್ಯಾರೆ ಅಂತಿದ್ದಿರಲ್ರಿ ಮರಿಲಿಂಗ. ಸುದ್ದಿ ಮುಟ್ಟೋತನಕ ನಿಮ್ಮ ಪಾಲಿಗಿ ಅವ್ವ ಇದ್ಲು ಅಂತ ತಿಳೀರಿ."

ಅವನು ತಲೆ ಅಲ್ಲಾಡಿಸಿದ. "ಇಲ್ರಿ ಸರ. ಅದಕ್ಕ ಚುಕ್ಕಿಗಳಷ್ಟು ದೂರ ಬೇಕ್ರಿ. ನಮ್ಮೂರಿಂದ ಶಹಾಪುರಕ್ಕ ಬೆಳಕು ಕಣ್ಣು ಮುಚ್ಚಿ ತೆರೆಯೋದ್ರಾಗ ಬರತೈತಿ. ಆಕಿ ಹೋದಾಗೇ ನನಗೂ ಹೋಗ್ಯಾಳ. ಆಮ್ಯಾಲ ನಾ ಬೆಟ್ಟದ ಮ್ಯಾಲ ಕುಂತು ನಗಾಕತ್ತಿದ್ದೆ."

ಬೆಟ್ಟದ ಮೇಲೆ ಬಿಡಿಸಿದ ಆ ಹೆಜ್ಜೆ ಸರಿಯಿದೆಯೇ ಎಂದು ಕೇಳಿದೆ. ತಿರುಗಿ ನೋಡಿಲ್ಲ ಎಂದ.

"ಹಂಗಾರ ನನಗ ಹೇಳ್ರಿ, ಮೊದಲಿಂದ."

ಅವನು ಕುರ್ಚಿ ಎಳೆದುಕೊಂಡು ಕೂತ. ಕಣದಿಂದ ಶುರು ಮಾಡಿದ. ಒಂದು ವಾಕ್ಯ ಮುಗಿಯಿತು, ನಾನು ಹೂಂ ಎಂದೆ.

ಅವನು ತಡೆದ. "ಹೂಂ ಅನಬ್ಯಾಡ್ರಿ ಸರ," ಎಂದ. "ಸುಮ್ಮ ಕುಂದರ್ರಿ."

ಸುಮ್ಮನೆ ಕೂತೆ. ಅವನು ಮುಂದೆ ಹೇಳಲಿಲ್ಲ.